ಚಕ್ಕುಬಂದಿಯಲ್ಲಿ ಉಳಿದ ನೆರೆಮನೆ

ಮನೆ ಮಾರಬೇಕೆಂದು ಹೊರಟವರು ಮೊದಲು ಕಾಗದ ಹುಡುಕುತ್ತಾರೆ. ನಾವೂ ಅದನ್ನೇ ಮಾಡಿದೆವು. 2019ರಲ್ಲಿ ಅಮ್ಮಿ ತೀರಿಕೊಂಡ ಮೇಲೆ ಊರಿನ ಮನೆಗೆ ಎರಡು ಮಳೆಗಾಲ ಬೀಗ ಬಿದ್ದಿತ್ತು. ಬೀಗದ ಕೈ ಪಕ್ಕದ ಮನೆಯ ಮೇಸ್ತ್ರಿಯ ಹತ್ತಿರ. ಬಿಸಿಲು ಬಿದ್ದ ದಿನ ಅವರೇ ಬಂದು ಕಿಟಕಿ ತೆಗೆದಿಟ್ಟು, ಸಂಜೆ ಮುಚ್ಚಿ ಹೋಗುತ್ತಿದ್ದರು. 2021ರಲ್ಲಿ ನಾವು ನಾಲ್ವರು ಒಡಹುಟ್ಟಿದವರು ಮಾರುವುದೆಂದು ತೀರ್ಮಾನಿಸಿ, ಅಮ್ಮಿಯ ಕಬ್ಬಿಣದ ಪೆಟ್ಟಿಗೆ ತೆರೆದೆವು. ಹಳೆಯ ತೆರಿಗೆ ರಸೀದಿಗಳು, ಭಾಯಿಜಾನ್ ಗಲ್ಫಿನಿಂದ ಬರೆದ ಪತ್ರಗಳು, ಅವುಗಳ ಅಡಿಯಲ್ಲಿ ದಾದಾ ಜಾಗ ಕೊಂಡಾಗಿನ ಕ್ರಯಪತ್ರ ಸಿಕ್ಕಿತು. ಅದರ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಮೇಸ್ತ್ರಿಯ ಅಜ್ಜನ ಮನೆ ಎಂದು ಬರೆದಿತ್ತು. ಎಪ್ಪತ್ತು ವರ್ಷ ಪಕ್ಕಪಕ್ಕದಲ್ಲಿ ಬದುಕಿದ ಎರಡು ಮನೆಗಳ ಹೆಸರು ಒಟ್ಟಿಗೆ ಇದ್ದ ಕಾಗದ ಅದೊಂದೇ.

ನಮ್ಮ ಊರು ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ದಾರಿಯಲ್ಲಿ, ಶರಾವತಿಯ ದಂಡೆಗಿದೆ. ಕರಾವಳಿಯ ಹಳೆಯ ಮನೆಗಳಂತೆ ನಮ್ಮದೂ ಕೆಂಪುಕಲ್ಲಿನ ಗೋಡೆ, ಮಣ್ಣಿನ ಗಾರೆ, ಹಲಸಿನ ತೊಲೆ, ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಸೋಗೆ, ಹುಲ್ಲಿನ ಮಾಡುಗಳೆಲ್ಲ ನಿಧಾನವಾಗಿ ಕೆಂಪಾದವು. ನಮ್ಮ ಮನೆಯ ಹಂಚು ಮಚವೆಯಲ್ಲಿ ಹೊಳೆ ಹತ್ತಿ ಬಂತೆಂದು ದಾದಾ ಹೇಳುತ್ತಿದ್ದರಂತೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ಇಳಿಜಾರಿನ ಮಾಡು ಬರಿಯ ಅಂದಕ್ಕೆ ಇಟ್ಟದ್ದಲ್ಲ. ಆದರೆ ಅದಕ್ಕೆ ಪ್ರತಿ ಮೇ ತಿಂಗಳಲ್ಲಿ ಹಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು, ಕಸ ತೆಗೆಯಬೇಕು. ಮೊದಲು ಮೇಸ್ತ್ರಿಯ ತಂದೆ, ಆಮೇಲೆ ಮೇಸ್ತ್ರಿ ನಮ್ಮ ಮಾಡು ಹತ್ತುತ್ತಿದ್ದರು. ಅವರು ನಮ್ಮ ಧರ್ಮದವರಲ್ಲ. ನಮ್ಮ ಮನೆಯ ನೀರು ಎಲ್ಲೆಲ್ಲಿ ಸೋರುತ್ತದೆ ಎಂಬುದು ಮಾತ್ರ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

1996ರಲ್ಲಿ ಭಾಯಿಜಾನ್ ಗಲ್ಫಿನಿಂದ ಎಂಬತ್ತು ಸಾವಿರ ರೂಪಾಯಿ ಕಳಿಸಿ, ಮುಂಭಾಗಕ್ಕೆ ಒಂದು ಸ್ಲ್ಯಾಬಿನ ಕೋಣೆ ಕಟ್ಟಿಸಿದರು. ಆಗ ಗಲ್ಫಿಗೆ ಹೋದವರ ಮನೆಯೆಂದರೆ ತಲೆ ಚಪ್ಪಟೆಯಾಗಿರಬೇಕಿತ್ತು. ಗುತ್ತಿಗೆದಾರ ಅಳಿವೆಯ ಕಡೆಯ ಮರಳು ತಂದು ಸುರಿದ. ಮೇಸ್ತ್ರಿ ಒಂದು ಚಿಟಿಕೆ ನಾಲಿಗೆಗೆ ಮುಟ್ಟಿಸಿ, "ಇದು ಉಪ್ಪು, ತೊಳೆಯದೆ ಹಾಕಿದರೆ ಸರಳು ತಿನ್ನುತ್ತದೆ" ಎಂದರು. ಯಾರೂ ಕೇಳಲಿಲ್ಲ. ಹತ್ತು ವರ್ಷದಲ್ಲಿ ಸರಳಿಗೆ ತುಕ್ಕು ಹಿಡಿದು ಉಬ್ಬಿತು, ಕಾಂಕ್ರೀಟು ಹಪ್ಪಳದಂತೆ ಎದ್ದು ಉದುರಿತು. ಮಳೆನೀರು ಸ್ಲ್ಯಾಬಿನ ಮೇಲೆ ನಿಂತು ಕೆಳಗೆ ಜಿನುಗಿತು. ಕೊನೆಗೆ ಅದರ ಮೇಲೆ ತಗಡಿನ ಮಾಡು ಹಾಕಿಸಿದೆವು. ಇಂದು ಕರಾವಳಿಯಲ್ಲಿ ಎಲ್ಲಿ ನೋಡಿದರೂ ಇದೇ ಚಿತ್ರ. ಮಾಡು ತೆಗೆದು ಸ್ಲ್ಯಾಬು, ಸ್ಲ್ಯಾಬು ಸೋರಿ ಮತ್ತೆ ಮಾಡು.

ಮಾರಾಟದ ಮಾತು ಶುರುವಾದಾಗ ಈ ಕೋಣೆಯೇ ಮೊದಲ ಜಗಳವಾಯಿತು. ಎಂಬತ್ತು ಸಾವಿರವನ್ನು ಇಂದಿನ ಬೆಲೆಗೆ ಲೆಕ್ಕ ಹಾಕಿ ಮೊದಲು ತೆಗೆದಿಟ್ಟು, ಉಳಿದದ್ದನ್ನು ಪಾಲು ಮಾಡಬೇಕೆಂದು ಭಾಯಿಜಾನ್ ಹೇಳಿದರು. ಆಪಾ ಕೇಳಿದರು: "ಅಮ್ಮಿಯ ಕೊನೆಯ ಆರು ವರ್ಷ ನಾವು ತೊಳೆದ ಬಟ್ಟೆಗೆ ಇಂದಿನ ಬೆಲೆ ಎಷ್ಟು?" ಮೇಸ್ತ್ರಿಯನ್ನು ಕರೆಸಿ ಮನೆಯ ಬೆಲೆ ಕಟ್ಟಿಸಿದೆವು. ಅವರು ಗೋಡೆ ತಟ್ಟಿ, ತೊಲೆಗೆ ಮೊಳೆ ಚುಚ್ಚಿ ನೋಡಿದರು. ಹಲಸಿನ ತೊಲೆ, ಬಾಗಿಲವಾಡ, ಹಂಚು, ಕೆಂಪುಕಲ್ಲು ಇವೆಲ್ಲಕ್ಕೂ ಗಿರಾಕಿಗಳಿದ್ದಾರೆ, ಹಳೆಯ ಮನೆಗಳ ಮರ ಕೊಂಡು ರೆಸಾರ್ಟಿಗೆ, ಹೋಮ್‌ಸ್ಟೇಗೆ ಸಾಗಿಸುವವರು ಹಳ್ಳಿ ಹಳ್ಳಿ ಸುತ್ತುತ್ತಿದ್ದಾರೆ ಎಂದರು. ಸ್ಲ್ಯಾಬಿನ ಕೋಣೆಯ ಮುಂದೆ ನಿಂತು ಮಾತ್ರ ತಲೆ ಕೆರೆದುಕೊಂಡರು. "ಇದನ್ನು ಒಡೆದು ಹೊರಗೆ ಸಾಗಿಸುವ ಕೂಲಿಯನ್ನು ನಿಮ್ಮ ಬೆಲೆಯಿಂದ ಕಳೆಯುತ್ತಾರೆ" ಎಂದರು. ನಾವು ಮನೆಗೆ ಮಾಡಿದ ಒಂದೇ ಒಂದು ಸುಧಾರಣೆ ಮನೆಯ ಬೆಲೆಯನ್ನು ಇಳಿಸಿತ್ತು. ಫೋನಿನ ಆ ಕಡೆ ಭಾಯಿಜಾನ್ ಬಹಳ ಹೊತ್ತು ಸುಮ್ಮನಿದ್ದರು. ಅವರ ಹಣ ಹೋಯಿತೆಂದು ನಮಗೆ ಸಂತೋಷವಾಗಲಿಲ್ಲ. ಆ ಎಂಬತ್ತು ಸಾವಿರ ಉಳಿಸಲು ಅವರು ಎಷ್ಟು ಮಧ್ಯಾಹ್ನ ಖುಬ್ಬೂಸ್ ಮಾತ್ರ ತಿಂದಿದ್ದರೋ!

ಎರಡನೆಯ ಮಾತು ಸಹೋದರಿಯರ ಪಾಲಿನದು. ಹಳ್ಳಿಯ ಮನೆ ಮಾರಲು ಆಗ ಪಂಚಾಯತಿಯ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕಿತ್ತು, ಅದಕ್ಕೆ ವಾರಸುದಾರರೆಲ್ಲರ ಹೆಸರು ಕೂಡಬೇಕಿತ್ತು. ಕಾಗದ ಬರೆಯುವವರು, "ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರ ಮಾಡಿಸಿಬಿಡಿ, ಕೆಲಸ ಹಗುರವಾಗುತ್ತದೆ" ಎಂದು ಸಲಹೆ ಕೊಟ್ಟರು. ನಮ್ಮ ಓಣಿಯಲ್ಲಿ ಇದು ಹೊಸದಲ್ಲ. ತಂಗಿಯರಿಗೆ ಒಂದು ಸೀರೆ, ಒಂದು ಊಟ, ಒಂದು ಸಹಿ. "ಬಖ್ಶ್ ದಿಯಾ" ಎಂದು ಅವರ ಬಾಯಲ್ಲಿ ಹೇಳಿಸಿದರೆ ಮುಗಿಯಿತು. ಐದು ಹೊತ್ತಿನ ನಮಾಝ್ ತಪ್ಪಿಸದವರೂ ಈ ಲೆಕ್ಕದಲ್ಲಿ ತಪ್ಪುತ್ತಾರೆ. ಚಿಕ್ಕ ತಂಗಿ ಸಹಿ ಮಾಡಲು ಸಿದ್ಧಳಿದ್ದಳು. ಆಪಾ ತಡೆದರು: "ನಮಗೆ ಎಷ್ಟು ಬರುತ್ತದೆಂದು ಮೊದಲು ಹೇಳಿ. ಅಂಕಿ ಗೊತ್ತಾಗದೆ ಬಿಟ್ಟುಕೊಟ್ಟದ್ದು ಬಿಟ್ಟುಕೊಟ್ಟದ್ದಾಗುವುದಿಲ್ಲ."

ಅಂಕಿ ಕಷ್ಟದ್ದೇನಲ್ಲ. ಸೂರಃ ನಿಸಾ ಪಾಲುಗಳನ್ನು ಸ್ಪಷ್ಟವಾಗಿ ಹೇಳಿದೆ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳಾದರೆ ಆಸ್ತಿ ಆರು ಪಾಲು. ನಮಗೆ ಎರಡೆರಡು, ಅವರಿಗೆ ಒಂದೊಂದು. ಅಷ್ಟನ್ನೂ ಕೊಡದೆ ದೇವರ ನಿಯಮವೆಂದು ಹೇಳಿಕೊಳ್ಳುವುದು ಹೇಗೆ? ಬಿಡುಗಡೆ ಪತ್ರದ ಮಾತು ಅಲ್ಲಿಗೆ ನಿಂತಿತು. ನಾಲ್ವರ ಹೆಸರೂ ಕಾಗದಕ್ಕೆ ಬಂತು.

ಆಮೇಲೆ ಗಿರಾಕಿಗಳು. 2020ರಲ್ಲಿ ಕಾಸರಕೋಡಿನ ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕ ಮೇಲೆ ಹೊನ್ನಾವರದ ಸುತ್ತಮುತ್ತ ದಲ್ಲಾಳಿಗಳ ಬೈಕು ಹೆಚ್ಚಾಗಿತ್ತು. ಬೆಂಗಳೂರಿನವರೊಬ್ಬರು ಬಂದು ಹೊಳೆ ಕಾಣುತ್ತದೆಯೇ ಎಂದು ಮಾತ್ರ ಕೇಳಿ ಹೋದರು. ನಮ್ಮದೇ ಸಮುದಾಯದ, ಹೊರದೇಶದಲ್ಲಿ ವ್ಯಾಪಾರವಿರುವ ಒಬ್ಬರು ಮೂವತ್ತು ಲಕ್ಷಕ್ಕೆ ಒಪ್ಪಿದರು. ಒಂದು ಸಂಜೆ ಮೇಸ್ತ್ರಿ ಬಂದು, ಜಗಲಿಯ ತುದಿಯಲ್ಲಿ ಕುಳಿತು, ಮಗನಿಗೆ ಮದುವೆಯಾಗಿದೆ, ಮನೆ ಸಾಲುತ್ತಿಲ್ಲ, ಸಾಲ ಸೇರಿಸಿ ಇಪ್ಪತ್ತೇಳು ಹೊಂದಿಸಬಹುದು, ನಾವು ಅಷ್ಟಕ್ಕೆ ಕೊಡುವುದಾದರೆ ಎಂದು ಅರ್ಧಕ್ಕೆ ನಿಲ್ಲಿಸಿದರು.

ಉರ್ದು ಶಾಲೆಯಲ್ಲಿ ಉಸ್ತಾದರು ಹೇಳಿದ್ದ ಪ್ರಸಂಗವೊಂದು ಆಗ ನಮಗೆ ನೆನಪಾಯಿತು. ಬುಖಾರಿಯ ಹದೀಸ್ ಸಂಗ್ರಹದಲ್ಲಿ 'ಶುಫಾ' ಅಂದರೆ ಮೊದಲ ಖರೀದಿಯ ಹಕ್ಕಿನ ಅಧ್ಯಾಯದಲ್ಲಿ ಅದು ಬರುತ್ತದೆ. ಅಬೂ ರಾಫಿಅ್ ತಮ್ಮ ಎರಡು ಕೋಣೆಗಳನ್ನು ನೆರೆಯ ಸಅದ್ ಬಿನ್ ಅಬೀ ವಕ್ಕಾಸರಿಗೆ ಮಾರಲು ಹೋಗುತ್ತಾರೆ. ಸಅದರು ನಾಲ್ಕು ಸಾವಿರ ದಿರ್ಹಮಿಗಿಂತ ಹೆಚ್ಚು ಕೊಡಲಾರೆ, ಅದೂ ಕಂತಿನಲ್ಲಿ ಎನ್ನುತ್ತಾರೆ. ಹೊರಗೆ ಐನೂರು ದೀನಾರಿಗೆ ಗಿರಾಕಿ ಇದ್ದರೂ, ನೆರೆಯವನಿಗೆ ಹೆಚ್ಚು ಹಕ್ಕಿದೆ ಎಂದು ಪ್ರವಾದಿಯವರು (ಸ) ಹೇಳಿದ್ದನ್ನು ಕೇಳಿದ್ದ ಕಾರಣ ಅಬೂ ರಾಫಿಅ್ ಕಡಿಮೆ ಬೆಲೆಗೇ ಕೊಡುತ್ತಾರೆ. ಶಾಫಿಈ ಮದ್‌ಹಬ್ ಈ ಹಕ್ಕನ್ನು ಪಾಲುದಾರನಿಗೆ ಮಾತ್ರ ಸೀಮಿತಗೊಳಿಸುತ್ತದೆ. ನಾವು ಅನುಸರಿಸುವ ಹನಫಿ ಮದ್‌ಹಬ್ ನೆರೆಯವನಿಗೂ ಕೊಡುತ್ತದೆ. ಹನಫಿಗಳ ಪ್ರಸಿದ್ಧ ಗ್ರಂಥ 'ಹಿದಾಯ' ಈ ವಿಷಯದಲ್ಲಿ ಮುಸ್ಲಿಮನನ್ನೂ ಇಸ್ಲಾಮೀ ರಾಜ್ಯದ ಮುಸ್ಲಿಮೇತರ ಪ್ರಜೆಯನ್ನೂ ಸಮಾನವಾಗಿ ಕಾಣುತ್ತದೆ.

ಇಂದಿನ ಕಾನೂನು ಬೇರೆ. ಕೇವಲ ನೆರೆಯವನೆಂಬ ಕಾರಣಕ್ಕೆ ಮೊದಲ ಖರೀದಿಯ ಹಕ್ಕು ಕೊಡುವುದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಸುಪ್ರೀಂ ಕೋರ್ಟ್ 1962ರಲ್ಲಿ ತೀರ್ಪು ಕೊಟ್ಟಿದೆ. ಅನ್ಯ ಧರ್ಮದವರನ್ನು, ಅನ್ಯ ಜಾತಿಯವರನ್ನು ಓಣಿಯಿಂದ ದೂರವಿಡಲು ಅಂಥ ಹಕ್ಕು ಬಳಕೆಯಾಗುತ್ತದೆಂಬುದು ನ್ಯಾಯಾಲಯದ ಆತಂಕವಾಗಿತ್ತು. ಆ ಆತಂಕ ಸುಳ್ಳಲ್ಲವೆಂದು ನಮಗೆ ವಾರದೊಳಗೆ ಗೊತ್ತಾಯಿತು. ಮಸೀದಿಯಿಂದ ಹೊರಬರುವಾಗ ಹಿರಿಯರೊಬ್ಬರು ಭುಜದ ಮೇಲೆ ಕೈಯಿಟ್ಟು, "ಓಣಿಯ ಮನೆ ಓಣಿಯಲ್ಲೇ ಇರಲಿ, ಕಾಲ ಸರಿಯಿಲ್ಲ" ಎಂದರು. ನೆರೆಯವನಿಗೆ ಹಕ್ಕಿದೆ ಎಂದು ನಾವು ಹೇಳಿದಾಗ, "ನೆರೆಯವನು ಯಾರು ಎಂಬುದೂ ಇದೆಯಲ್ಲ" ಎಂದು ಹೊರಟುಹೋದರು.

ನಾವು ಹಟ ಹಿಡಿದು ಲೆಕ್ಕ ಹಾಕಿದೆವು. ಮೂವತ್ತು ಲಕ್ಷಕ್ಕಾದರೆ ಸಹೋದರಿಯರಿಗೆ ಐದೈದು, ಇಪ್ಪತ್ತೇಳಕ್ಕಾದರೆ ನಾಲ್ಕೂವರೆ. ಬಾಡಿಗೆ ಮನೆಯಲ್ಲಿರುವ ಚಿಕ್ಕ ತಂಗಿಗೆ ಐವತ್ತು ಸಾವಿರ ಸಣ್ಣ ಮೊತ್ತವಲ್ಲ. ಅವಳ ಹಣದಿಂದ ನಾವು ಉದಾರಿಗಳಾಗುವುದು ಸರಿಯಲ್ಲ. ಅಬೂ ರಾಫಿಅ್ ಬಿಟ್ಟುಕೊಟ್ಟದ್ದು ತಮ್ಮದನ್ನು. ಆದ್ದರಿಂದ ಸಹೋದರಿಯರಿಗೆ ಪೂರ್ತಿ ಐದೈದು ಕೊಟ್ಟು, ಮೂರು ಲಕ್ಷದ ಕೊರತೆಯನ್ನು ಗಂಡುಮಕ್ಕಳಿಬ್ಬರೂ ಒಂದೂವರೆಯಂತೆ ಹೊರುವುದೆಂದು ಹೇಳಿದೆವು. ಭಾಯಿಜಾನ್ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ, "ಸ್ಲ್ಯಾಬಿನಲ್ಲಿ ಹೋದದ್ದರ ಜೊತೆ ಇದೂ ಹೋಗಲಿ" ಎಂದರು. ಆ ಹೊತ್ತು ನಮಗೆ ನಮ್ಮ ಬಗ್ಗೆ ಬಹಳ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಸುದ್ದಿ ಹೇಳಲು ಹೋದಾಗ ಮೇಸ್ತ್ರಿ ಒಳಗೆ ಕರೆಯಲಿಲ್ಲ. ಅಂಗಳದಲ್ಲೇ ನಿಂತು ಮಾತಾಡಿದರು. "ಬೇಡ, ನೀವು ಅವರಿಗೇ ಕೊಟ್ಟುಬಿಡಿ. ನಿಮ್ಮವರು ನಿಮಗೆ ಹೇಳಿದ ಹಾಗೆ ನಮ್ಮವರೂ ನಮಗೆ ಹೇಳಿದ್ದಾರೆ. ಆ ಓಣಿಯಲ್ಲಿ ಮನೆ ತೆಗೆದುಕೊಂಡು ನಾಳೆ ಏನಾದರೂ ಆದರೆ ನಮ್ಮ ಹತ್ತಿರ ಬರಬೇಡ ಎಂದರು. ಮಗ ಇಲ್ಲಿ ಬಾಳಬೇಕಲ್ಲ." ಎಪ್ಪತ್ತು ವರ್ಷದಿಂದ ಒಂದೇ ಆಗಿದ್ದ ಜಾಗ 'ಆ ಓಣಿ' ಆಗಿತ್ತು. ನಾವು ಇನ್ನೊಮ್ಮೆ ಒತ್ತಾಯಿಸಲಿಲ್ಲ. ಒಂದೂವರೆ ಲಕ್ಷ ಉಳಿಯಿತೆಂಬ ಸಮಾಧಾನವೂ ಮನಸ್ಸಿನ ಮೂಲೆಯಲ್ಲಿ ಇದ್ದಿರಬೇಕು.

ಮೂವತ್ತಕ್ಕೆ ಮನೆ ಹೋಯಿತು. ನೋಂದಣಿಯ ದಿನ ನಾಲ್ವರೂ ಸಹಿ ಮಾಡಿದೆವು. ಸಹೋದರಿಯರ ಹಣ ಅವರವರ ಖಾತೆಗೆ ಹೋಯಿತು. ಹೊಸ ಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಮೇಸ್ತ್ರಿಯ ಮನೆ ಎಂದು ಬರೆದದ್ದನ್ನು ಓದಿ, ಸರಿಯಾಗಿದೆ ಎಂದೆವು. ಸರಿಯಾಗಿರಲಿಲ್ಲ.

ಶರಾವತಿಯ ಕೆಳದಂಡೆಯಲ್ಲಿ ಬೇಸಿಗೆಗೆ ಉಬ್ಬರದ ನೀರು ಮೇಲೇರಿ ತಗ್ಗಿನ ಬಾವಿಗಳು ಸವುಳಾಗುತ್ತವೆ. ಮೇಸ್ತ್ರಿಯ ಬಾವಿ ತಗ್ಗಿನಲ್ಲಿದೆ. ನಮ್ಮ ಬಾವಿ ಮೇಲಿನದು, ಮೇ ತಿಂಗಳಲ್ಲೂ ಸಿಹಿ. ನಾವು ಹುಟ್ಟುವ ಮೊದಲಿನಿಂದ ಬೇಸಿಗೆಯಲ್ಲಿ ಅವರ ಮನೆಯ ಕೊಡಗಳು ನಮ್ಮ ಬಾವಿಗೆ ಬರುತ್ತಿದ್ದವು. ಅವರ ಹಬ್ಬದ ದಿನ ಅಮ್ಮಿ ತಾವೇ ಬೆಳಗಿನ ಜಾವ ಹಗ್ಗ ಬದಲಿಸಿ ಇಡುತ್ತಿದ್ದರು. ಹೊಸ ಯಜಮಾನರು 2022ರಲ್ಲಿ ಮನೆ ಕೆಡವಿ, ಮರ ಮಾರಿ, 2023ರಲ್ಲಿ ಸುತ್ತ ಆರಡಿಯ ಕಂಪೌಂಡು ಕಟ್ಟಿಸಿದರು. ಅದನ್ನು ಕಟ್ಟುವ ಕೆಲಸ ಸಿಕ್ಕಿದ್ದು ಮೇಸ್ತ್ರಿಗೆ. ಬಾವಿಗೆ ಹೋಗುವ ದಾರಿಯನ್ನು ಅವರ ಕೈಯೇ ಮುಚ್ಚಿತು. ಕೂಲಿ ಸರಿಯಾಗಿ ಕೊಟ್ಟರಂತೆ.

ವಕೀಲರೊಬ್ಬರನ್ನು ಕೇಳಿದೆವು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ಹಕ್ಕೆಂದು ಬಳಸಿದ್ದರೆ ಅದು ಹಕ್ಕಾಗುತ್ತದೆ, ಆದರೆ ಅನುಮತಿಯಿಂದ ಬಳಸಿದ್ದು ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ ಎಂದರು. ಅಂದರೆ ಅಮ್ಮಿ ಎಂದೂ ಬೇಡವೆನ್ನದೆ, ಪ್ರೀತಿಯಿಂದ ನೀರು ಕೊಟ್ಟದ್ದೇ ಅವರಿಗೆ ಮುಳುವಾಯಿತು. ಜಗಳವಾಡಿ ಸೇದಿದ್ದರೆ ಹಕ್ಕು ಉಳಿಯುತ್ತಿತ್ತೋ ಏನೋ! ಮಾರುವಾಗ ಕ್ರಯಪತ್ರದಲ್ಲಿ, ಪೂರ್ವದ ಮನೆಯವರಿಗೆ ಬಾವಿಯ ನೀರಿನ ಹಕ್ಕೂ ದಾರಿಯೂ ಇದೆ ಎಂದು ಒಂದು ಸಾಲು ಬರೆಸಿದ್ದರೆ ಸಾಕಿತ್ತು. ಸಾವಿರಾರು ಸಾಲು ಕತೆ ಬರೆದ ನಮಗೆ ಆ ಒಂದು ಸಾಲು ಹೊಳೆಯಲಿಲ್ಲ. ನಮ್ಮ ಚರ್ಚೆಯೆಲ್ಲ ಮನೆ ಯಾರಿಗೆ ಹೋಗಬೇಕೆಂಬುದರ ಸುತ್ತಲೇ ತಿರುಗಿತ್ತು. ಯಾರಿಗೆ ಹೋದರೂ ನೆರೆಯವನಿಗೆ ಏನು ಉಳಿಯಬೇಕೆಂದು ನಾವು ಯೋಚಿಸಿರಲಿಲ್ಲ.

ಊರಿನ ಮನೆ ಮಾರಲು ಹೊರಟಿರುವ ಓದುಗರು ಇದ್ದರೆ ನಮ್ಮದೊಂದು ವಿನಂತಿ. ಸಹೋದರಿಯರಿಗೆ ಮೊದಲು ಅಂಕಿ ಹೇಳಿ, ಆಮೇಲೆ ಸಹಿ ಕೇಳಿ. ನೆರೆಯವರಿಗೆ ಒಂದು ಮಾತು ಕೇಳಿ. ಅವರು ಕೊಳ್ಳದಿದ್ದರೂ ಅವರು ನಡೆಯುವ ದಾರಿ, ಸೇದುವ ನೀರು, ಅವರ ಮಾಡಿನ ಹನಿ ಬೀಳುವ ಜಾಗ ಇವೆಲ್ಲವನ್ನೂ ಪತ್ರದಲ್ಲಿ ಬರೆಸಿ. ಬಾಯಿಮಾತಿನ ಒಳ್ಳೆಯತನ ಮನೆಯ ಜೊತೆ ಮಾರಾಟವಾಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ನಾವೂ ಆಪಾನೂ ಹೊಸ ಯಜಮಾನರನ್ನು ಕಾಣಲು ಹೋಗಿದ್ದೆವು. ಒಳ್ಳೆಯ ಮನುಷ್ಯರು, ಚಹಾ ಕೊಟ್ಟರು. ಬಾವಿಯ ಬದಿಗೆ ಒಂದು ಸಣ್ಣ ಬಾಗಿಲಿಡಲು ಒಪ್ಪಿದರು. ಬಾಗಿಲು ಇಟ್ಟವರೂ ಮೇಸ್ತ್ರಿಯೇ. ಬೇಸಿಗೆಯಲ್ಲಿ ಮಾತ್ರ ಅದರ ಚಿಲಕ ತೆಗೆಯುತ್ತಾರೆ. ನೋಂದಣಿ ಕಚೇರಿಗೆ ಬಂದು ಆ ಮಾತನ್ನು ಬರೆದುಕೊಡಿ, ಖರ್ಚು ನಮ್ಮದು ಎಂದು ಕೇಳಿದೆವು. "ನಮ್ಮ ಮೇಲೆ ನಂಬಿಕೆಯಿಲ್ಲವೇ?" ಎಂದರು. ಇದೆ ಎಂದೆವು. ಅಮ್ಮಿಯ ಮೇಲೂ ಎಲ್ಲರಿಗೂ ನಂಬಿಕೆಯಿತ್ತು, ಅವರು ತೀರಿಕೊಂಡರು ಎಂದೂ ಹೇಳಿದೆವು. ಅವರು ಇನ್ನೂ ಒಪ್ಪಿಲ್ಲ. ರಜೆಯಲ್ಲಿ ಅವರು ಊರಿಗೆ ಬಂದಾಗ ಮತ್ತೆ ಹೋಗುವವರಿದ್ದೇವೆ.