ಹೊಗೆಯಿಲ್ಲದ ಗ್ರಿಲ್ಲು, ಸುಟ್ಟ ಬದನೆಕಾಯಿ

ಬೆಂಟ್ಲಿಯ ನಮ್ಮ ಬಾಡಿಗೆ ಮನೆಯಲ್ಲಿ ಒಲೆಯ ಮೇಲೆ ಬದನೆಕಾಯಿ ಸುಟ್ಟರೆ ಹೊಗೆ ಅಲಾರಂ ಕೂಗಿಕೊಳ್ಳುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2009ರಿಂದ ಹೊಸದಾಗಿ ಬಾಡಿಗೆಗೆ ಕೊಡುವ ಮನೆಗೆ ಕರೆಂಟಿನ ಅಲಾರಂ ಕಡ್ಡಾಯ. ಹಿತ್ತಲಲ್ಲಿ ಇದ್ದಿಲು ಹೊತ್ತಿಸೋಣವೆಂದರೆ ಬೇಸಿಗೆಯಲ್ಲಿ ಬೆಂಕಿ ನಿಷೇಧದ ದಿನಗಳು. ಜೊತೆಗೆ ಊರಿಂದ ಅಮ್ಮ ಬಂದಿದ್ದಾಳೆ. ಮೂವತ್ತು ವರ್ಷ ಸೌದೆ ಒಲೆಗೆ ಊದುಗೊಳವೆ ಊದಿದವಳು; ಈಗ ಕೈಯಲ್ಲಿ ಇನ್ಹೇಲರ್. ಹಾಗಾಗಿ ಎಲೆಕ್ಟ್ರಿಕ್ ಗ್ರಿಲ್ಲು ಹುಡುಕತೊಡಗಿದೆ.

ಡಬ್ಬದ ಮೇಲಿನ 'ಹೊಗೆರಹಿತ' ಎಂಬ ಮಾತನ್ನು ಆಡಿಟರನ ಅನುಮಾನದಿಂದಲೇ ಓದಿದೆ. ಗ್ರಿಲ್ಲಿನಲ್ಲಿ ಹೊಗೆಯೇಳುವುದು ಹೆಚ್ಚಾಗಿ ಕಾದ ಕಾಯಿಲ್ ಮೇಲೆ ಜಿಡ್ಡು ತೊಟ್ಟಿಕ್ಕಿದಾಗ. ಇವುಗಳಲ್ಲಿ ಜಿಡ್ಡು ಕಾಯಿಲ್ಲಿಗೆ ತಾಗದೆ ಕೆಳಗಿನ ನೀರಿನ ತಟ್ಟೆಗೆ ಇಳಿಯುತ್ತದೆ. ಕೆಲವಕ್ಕೆ ಹೊಗೆ ಎಳೆಯುವ ಫ್ಯಾನೂ ಇದೆ. ಮಾಂಸಕ್ಕೆ ಇದು ಸರಿಯೇ. ಬದನೆಯಲ್ಲಿ ಜಿಡ್ಡೆಲ್ಲಿದೆ? ಅದರ ಹೊಗೆ ಬರುವುದು ಸಿಪ್ಪೆ ಕರಕಲಾಗುವುದರಿಂದ, ಘಮವೂ ಅಲ್ಲಿಂದಲೇ. ಒಂದು ಬೇಡವೆಂದರೆ ಇನ್ನೊಂದೂ ಇಲ್ಲ.

ಗೊತ್ತಿದ್ದೇ ತಂದೆ: 2000 ವ್ಯಾಟಿನದು, ತಟ್ಟೆ ಕಳಚಿ ತೊಳೆಯಬಹುದಾದದ್ದು. ಅರ್ಧ ಗಂಟೆಗೆ ಹೆಚ್ಚೆಂದರೆ ಒಂದು ಯೂನಿಟ್. ಬದನೆ ಸೀಳಿ ಇಟ್ಟೆ. ಗೊಜ್ಜಿಗೆ ಒಗ್ಗರಣೆ ಕೊಟ್ಟ ಅಮ್ಮ ರುಚಿ ನೋಡಿ, "ಬೆಂದಿದೆ ಕಣೋ, ಸುಟ್ಟಿಲ್ಲ" ಎಂದಳು. ಆದರೂ ಎರಡು ಸಲ ಬಡಿಸಿಕೊಂಡಳು. ಆ ರಾತ್ರಿ ಅವಳ ಕೋಣೆಯಿಂದ ಕೆಮ್ಮು ಕೇಳಿಸಲಿಲ್ಲ.