'ದಡ್ಡ' ಅನ್ನೋ ಸರ್ಟಿಫಿಕೇಟ್



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ನಮ್ಮ ಕೇರಿಗಳಲ್ಲಿ ಓಡಾಡುವಾಗ ಪದೇ ಪದೇ ಕೇಳೋ ಮಾತು: "ಸಾಲಿ ಅವನ ತಲೀಗೆ ಹತ್ತಲಿಲ್ಲರೀ, ಅದಕ್ಕ ಐಟಿಐಗೆ ಹಾಕೇವಿ."

ನನ್ನ ಅಕ್ಕನ ಮಗನೂ ಹಂಗೇ ಸೇರಿದಾಂವ, ಎಲೆಕ್ಟ್ರಿಷಿಯನ್ ಟ್ರೇಡ್. ಸುಟ್ಟ ಪಂಪ್‌ಸೆಟ್ ಮೋಟಾರ್ ಬಿಚ್ಚಿ, ಸುತ್ತು ಎಣಿಸಿ, ಹೊಸದಾಗಿ ವೈಂಡಿಂಗ್ ಮಾಡ್ತಾನ. ಒಮ್ಮೆ ತೋರಿಸಿದ ಕನೆಕ್ಷನ್ ಮರೆಯಂಗಿಲ್ಲ. ಆದ್ರ ಪುಸ್ತಕ ಕೊಟ್ರ ಒಂದು ಸಾಲಿಗೇ ಬೆವರ್ತಾನ. 36 ಅಂದ್ರ 63 ಬರೀತಾನ. ಹತ್ತು ವರ್ಷ ಸಾಲ್ಯಾಗ ಯಾರೂ ಯಾಕ ಅಂತ ಕೇಳಲಿಲ್ಲ. ಕೇರಿ ಹುಡುಗ, ಇಷ್ಟೇ ಅಂದುಕೊಂಡ್ರು. ಉಳ್ಳವರ ಮನಿ ಮಗುವಿಗೆ ಇದೇ ಆದ್ರ 'ಡಿಸ್ಲೆಕ್ಸಿಯಾ', ನಮ್ಮ ಮಗುವಿಗೆ ಆದ್ರ 'ದಡ್ಡ'.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ 'ನಿರ್ದಿಷ್ಟ ಕಲಿಕಾ ನ್ಯೂನತೆ'ಯೂ ಒಂದು. ಅದನ್ನು ಗುರುತಿಸುವ ಪರೀಕ್ಷೆಯನ್ನು ರೂಪಿಸಿದ್ದು ನಮ್ಮದೇ ಬೆಂಗಳೂರಿನ ನಿಮ್ಹಾನ್ಸ್. ಪ್ರಮಾಣಪತ್ರ ಇದ್ದವರಿಗೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಬೇಕಾದ್ರ ಓದಿ ಹೇಳುವವರು, ಬರೆಯುವವರು ಸಿಗಬೇಕು ಅಂತ ಕೇಂದ್ರದ ಮಾರ್ಗಸೂಚಿ ಹೇಳ್ತದ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಪರಿಶಿಷ್ಟರಿಗೆ ತರಬೇತಿ ಜಾಗಗಳ ಮೀಸಲಾತಿ ಐತಿ. ಜಾತಿ ಸರ್ಟಿಫಿಕೇಟ್ ನಾವು ತಪ್ಪದೇ ತಗಸ್ತೀವಿ. ಇನ್ನೊಂದು ಸರ್ಟಿಫಿಕೇಟ್ ಐತಿ ಅಂತ ನಮಗ ಯಾರೂ ಹೇಳಂಗಿಲ್ಲ. ಕೈಕೆಲಸದಾಗ ಮುಂದಿರೋ ಹುಡುಗ ಕಂಪ್ಯೂಟರ್ ಮ್ಯಾಲಿನ ಥಿಯರಿ ಪರೀಕ್ಷೆಯಲ್ಲಿ ಬೀಳ್ತಾನ, ಅಪ್ರೆಂಟಿಸ್ ಜಾಗಕ್ಕ ಮುಟ್ಟೋದೇ ಇಲ್ಲ.

ಕೆಲಸದ ಜಾಗದಾಗ ಬೇಕಾಗೋದು ದೊಡ್ಡ ಖರ್ಚಿನ ಮಾತಲ್ಲ. ಒಮ್ಮೆಗೆ ಒಂದೇ ಹಂತ ಹೇಳೋದು. ಬರದು ಕೊಡೋ ಬದಲು ಚಿತ್ರ ತಗದು ಕೊಡೋದು, ಇಲ್ಲಾ ವಾಟ್ಸ್ಯಾಪ್‌ನಾಗ ವಾಯ್ಸ್ ಮೆಸೇಜ್ ಹಾಕೋದು. ವೈರುಗಳಿಗೆ ಬಣ್ಣದ ಟೇಪ್. ಮೀಟರ್ ರೀಡಿಂಗ್ ಇಬ್ಬರೂ ಜೋರಾಗಿ ಓದಿ ತಾಳೆ ನೋಡೋದು. ಕರೆಂಟ್ ಕೆಲಸದಾಗ ಒಂದು ಅಂಕಿ ತಿರುವುಮುರುವಾದ್ರ ಜೀವಕ್ಕೇ ಕುತ್ತು. ಇದನ್ನ ಉಪಕಾರ ಅಂತ ಯಾರೂ ಮಾಡಬೇಕಿಲ್ಲ, ಸುರಕ್ಷತೆ ಅಂತ ಮಾಡಲಿ.

ನಮ್ಮವರಲ್ಲೂ ಅಂಜಿಕೆ ಐತಿ. "ಒಂದು ಹಣೆಪಟ್ಟಿ ಸಾಲದೇನು, ನಾಳೆ ಕನ್ಯಾ ಯಾರು ಕೊಡ್ತಾರ?" ಅಂತ ಅಕ್ಕನೇ ನನ್ನ ಕೇಳಿದಳು. ಅವಳ ಭಯ ಸುಳ್ಳಲ್ಲ. ಆದ್ರ 'ದಡ್ಡ' ಅನ್ನೋ ಹಣೆಪಟ್ಟಿ ಈಗಾಗಲೇ ಬಿದ್ದೈತಲ್ಲ, ಅದರಿಂದ ಒಂದು ನಿಮಿಷ ಹೆಚ್ಚಿಗೆ ಸಮಯನೂ ಸಿಗಂಗಿಲ್ಲ.

ಗೆಳೆಯರೇ, ನಿಮ್ಮ ಕೇರಿಯ ಐಟಿಐ ಹುಡುಗ, ಹುಡುಗಿಯರನ್ನ ಈ ವಾರ ಮಾತಾಡಸ್ರಿ. ಓದಾಕ ತ್ರಾಸ್ ಆಗ್ತದೇನು ಅಂತ ಮೆಲ್ಲಕ ಕೇಳ್ರಿ. ಹೌದು ಅಂದ್ರ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಹಿಡೀರಿ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಸ್ರಿ, ಪರೀಕ್ಷೆಗೆ ಮೊದಲೇ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಕೊಡ್ರಿ, ಸ್ವೀಕೃತಿ ಸಹಿ ತಗೊಳ್ರಿ. ಬಾಬಾಸಾಹೇಬರು ಕೊಟ್ಟ ಶಿಕ್ಷಣದ ಹಕ್ಕಿನಾಗ ಈ ಮಕ್ಕಳ ಪಾಲೂ ಐತಿ.