28 ದಿನ ಅಲುಗಾಡದ ದುಡ್ಡು

ರೈತರ ಮನೆಯಲ್ಲಿ ದುಡ್ಡು ಇರುತ್ತದೆ, ಆದರೆ ಬ್ಯಾಂಕಿನಲ್ಲಿ ಇರುವುದಿಲ್ಲ. ತೋಟದಲ್ಲಿರುತ್ತದೆ, ಅಮ್ಮನ ಕೊರಳಲ್ಲಿರುತ್ತದೆ. ನಮ್ಮ ತಿಪಟೂರು ಸೀಮೆಯಲ್ಲಾದರೆ ಅಟ್ಟದ ಮೇಲಿರುತ್ತದೆ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. "ಅಷ್ಟು ಕಾಯೋರಿಗೆ 28 ದಿನ ಯಾವ ಲೆಕ್ಕ" ಎಂದು ದೊಡ್ಡಪ್ಪ ನಕ್ಕಿದ್ದರು.

2025ರಲ್ಲಿ ತಂಗಿಗೆ ಇಂಗ್ಲೆಂಡಿನಲ್ಲಿ ಎಂಎಸ್ಸಿ ಸೀಟು ಸಿಕ್ಕಿತು. ಫೀಸಿಗೆ ಶಿಕ್ಷಣ ಸಾಲ ಆಯಿತು. ಉಳಿದದ್ದು ಅಲ್ಲಿನ ಊಟ, ಬಾಡಿಗೆ. ವೀಸಾ ಕೊಡಬೇಕಾದರೆ ಆ ಖರ್ಚಿನ ದುಡ್ಡನ್ನು ಮೊದಲೇ ಖಾತೆಯಲ್ಲಿ ತೋರಿಸಬೇಕು. ಲಂಡನ್ನಿನ ಹೊರಗಾದರೆ ಆಗ ತಿಂಗಳಿಗೆ 1,136 ಪೌಂಡ್. 9 ತಿಂಗಳಿಗೆ 10,224 ಪೌಂಡ್, ಅಂದರೆ ಹನ್ನೊಂದೂವರೆ ಲಕ್ಷ ರೂಪಾಯಿಗೂ ಮೇಲೆ. (ಆ ವರ್ಷದ ನವೆಂಬರಿನಿಂದ ತಿಂಗಳಿಗೆ 1,171 ಪೌಂಡ್ ಆಗಿದೆ.) ಅದು ಸತತ 28 ದಿನ ಖಾತೆಯಲ್ಲಿರಬೇಕು, ಒಂದು ದಿನವೂ ಅದಕ್ಕಿಂತ ಕೆಳಗಿಳಿಯಬಾರದು.

ಪಹಣಿ ನಡೆಯುವುದಿಲ್ಲ, ಚಿನ್ನ ನಡೆಯುವುದಿಲ್ಲ. ದೊಡ್ಡಪ್ಪನ ಖಾತೆಯೂ ನಡೆಯುವುದಿಲ್ಲ. ತಂಗಿಯದ್ದು ಇಲ್ಲವೇ ಅಪ್ಪ ಅಮ್ಮನದ್ದು ಆಗಬೇಕು. ಒಂದೇ ಒಲೆಯ ಅನ್ನ ಉಂಡು ಬೆಳೆದ ನಮಗೆ ಇದನ್ನು ದೊಡ್ಡಪ್ಪನಿಗೆ ಹೇಳುವುದೇ ಕಷ್ಟವಾಯಿತು. ಅವರು ಮಾತಾಡದೆ ತಮ್ಮ ಪಾಲಿನ ಕೊಬ್ಬರಿ ದುಡ್ಡನ್ನು ಅಪ್ಪನ ಖಾತೆಗೆ ಹಾಕಿ, "ತಗಳ್ಳಿ, ಈಗ ನಿಮ್ಮಪ್ಪನದೇ ಆಯ್ತಲ್ಲ" ಅಂದರು.

ತಿಂಗಳ ಮಟ್ಟಿಗೆ ಬಡ್ಡಿಗೆ ದುಡ್ಡು ಕೂರಿಸಿಕೊಡುತ್ತೇನೆ, ಕಾಗದ ಪತ್ರವನ್ನೂ ನಾನೇ ಮಾಡಿಸುತ್ತೇನೆ ಎಂದು ಏಜೆಂಟ್ ಒಬ್ಬ ಬಂದಿದ್ದ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ 10 ವರ್ಷ ಆ ದೇಶದ ವೀಸಾ ಕನಸೇ. ಕಾಫಿ ಕೊಟ್ಟು ಕಳಿಸಿದೆವು.

ಹಾಗಾಗಿ ಮೇ ಮೊದಲ ವಾರವೇ ಕೊಬ್ಬರಿ ಮಾರಬೇಕಾಯಿತು. ಜೂನಿನಲ್ಲಿ ಬೆಲೆ ಇನ್ನೂ ಏರಿತು. ಅಪ್ಪ ಆಗ ಪೇಪರಿನ ಮಾರುಕಟ್ಟೆ ಧಾರಣೆ ನೋಡುವುದನ್ನೇ ಬಿಟ್ಟಿದ್ದರು.

ಇನ್ನೊಂದು ವಿಷಯ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ 436 ರೂಪಾಯಿ ಮೇ ಕೊನೆಗೆ ತಾನಾಗೇ ಕಡಿತವಾಗುತ್ತದೆ, ನಿಮ್ಮ ಪಾಸ್‌ಬುಕ್ಕಿನಲ್ಲೂ ಇರಬಹುದು ನೋಡಿ. ಲೆಕ್ಕಕ್ಕೆ ಸರಿಯಾಗಿ ದುಡ್ಡಿಟ್ಟರೆ ಆ 436 ರೂಪಾಯಿಗೇ ಎಣಿಕೆ ಮತ್ತೆ ಒಂದರಿಂದ ಶುರು. ಪೌಂಡಿನ ಬೆಲೆಯೂ ಏರಿಳಿಯುತ್ತದೆ. ಅದಕ್ಕೇ 50 ಸಾವಿರ ಹೆಚ್ಚಿಗೆ ಇಟ್ಟಿದ್ದೆವು. ಖಾತೆಯಲ್ಲಿ ಹನ್ನೆರಡು ಲಕ್ಷ ಇಟ್ಟುಕೊಂಡು ಹಸುಗಳಿಗೆ ಹಿಂಡಿ ಬೂಸಾ ಸಾಲಕ್ಕೆ ತಂದೆವು. ಅಂಗಡಿಯವರಿಗೆ ಕಾರಣ ಹೇಳಿದರೆ ನಂಬಲಿಲ್ಲ, ಸಾಲ ಮಾತ್ರ ಕೊಟ್ಟರು.

ತಂಗಿಯ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ ಕೊನೆಗೆ 'ಅಯ್ಯ', ಪಾಸ್‌ಬುಕ್ಕಿನಲ್ಲಿ 'ಅಪ್ಪ'. ಇಬ್ಬರೂ ಒಬ್ಬರೇ ಎಂದು ಛಾಪಾ ಕಾಗದದಲ್ಲಿ ಪ್ರಮಾಣ ಮಾಡಿಸಿದೆವು. ಬೆಂಗಳೂರಿಗೆ ಹೋಗಿ ಕ್ಷಯದ ತಪಾಸಣೆಗೆ ಎಕ್ಸ್‌ರೇ ತೆಗೆಸಿದ್ದಾಯಿತು. ಕೊನೆಗೆ ಉಳಿದದ್ದು ಹೆತ್ತವರ ಒಪ್ಪಿಗೆ ಪತ್ರ. ಇಂಗ್ಲಿಷಿನಲ್ಲಿ ಏನಿದೆ ಓದು ಎಂದರು ಅಪ್ಪ. ಈ ದುಡ್ಡನ್ನು ನನ್ನ ಮಗಳ ಓದಿಗೆ ಬಳಸಲು ನನ್ನ ಒಪ್ಪಿಗೆ ಇದೆ, ಅಂತ.

"ಇದನ್ನೂ ಬರ್ಕೊಡಬೇಕಾ?" ಎಂದು ಕೇಳಿ ಸಹಿ ಹಾಕಿದರು.